ಹಗ್ಗವಿಲ್ಲದ ಗೆಳೆತನ: ಮಗು ಮತ್ತು ಒಡೆಯನಿಲ್ಲದ ಕುದುರೆ

(ಕಲಬುರಗಿಯಲ್ಲಿ ಶಿಕ್ಷಕರು ಮತ್ತು ಪಾಲಕರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಮಗುವೊಂದು ಕಾಡುಕುದುರೆಯ ಸ್ನೇಹ ಸಂಪಾದಿಸುವ ಕಥೆಯನ್ನು ನಾವೆಲ್ಲ ಯಾವುದೋ ಒಂದು ರೂಪದಲ್ಲಿ ಕೇಳಿಯೇ ಬೆಳೆದಿದ್ದೇವೆ. ದೊಡ್ಡವರು ಹಗ್ಗ, ಚಾಬೂಕು ಹಿಡಿದು ಸೋತು ಕುಳಿತ ಕಡೆ ಒಬ್ಬ ಹುಡುಗನೋ ಹುಡುಗಿಯೋ ಬರಿಗೈಯಲ್ಲಿ ಹೋಗಿ ನಿಲ್ಲುತ್ತಾರೆ, ಕುದುರೆ ತಲೆ ತಗ್ಗಿಸುತ್ತದೆ, ಕೊನೆಯ ಪುಟದ ಹೊತ್ತಿಗೆ ಮಗು ಅದರ ಬೆನ್ನೇರಿ ಗುಡ್ಡ ದಾಟಿರುತ್ತದೆ. ಈ ಕಥೆಯಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂಬುದನ್ನು ಒಬ್ಬ ಪಶುವೈದ್ಯನಾಗಿ ನಿಮ್ಮ ಮುಂದಿಡುವುದು ಇಂದಿನ ನನ್ನ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮಗು ಹೋಗಿ ನಿಲ್ಲುವುದು, ಕುದುರೆ ತಾನಾಗಿ ಹತ್ತಿರ ಬರುವುದು, ಇವೆರಡೂ ಕುದುರೆಯ ಸ್ವಭಾವಕ್ಕೆ ಹೊಂದುವ ಮಾತುಗಳು, ಬೆನ್ನೇರುವ ಆ ಕೊನೆಯ ಪುಟವನ್ನು ಮಾತ್ರ ದೊಡ್ಡವರು ತಮ್ಮ ಆಸೆಗೆ ತಕ್ಕಂತೆ ಬರೆದುಕೊಂಡಿದ್ದಾರೆ.

ನಿಜವಾದ ಕಾಡುಕುದುರೆ ಯಾವುದು ಎಂಬ ವಿಷಯದಲ್ಲಿ ವಿಜ್ಞಾನಿಗಳಲ್ಲಿಯೇ ಒಮ್ಮತವಿಲ್ಲ. ಮಂಗೋಲಿಯಾದ ಹುಲ್ಲುಗಾವಲಿನ ತಾಖಿ ಎಂಬ ಕುದುರೆಯೇ ಭೂಮಿಯ ಮೇಲೆ ಉಳಿದ ಕೊನೆಯ ಕಾಡುಕುದುರೆ ಎಂದು ಬಹಳ ಕಾಲ ನಂಬಲಾಗಿತ್ತು. ರಷ್ಯಾದ ಅನ್ವೇಷಕ ಪ್ರಝೆವಾಲ್‌ಸ್ಕಿಯ ಹೆಸರಿನಿಂದಲೂ ಅದನ್ನು ಕರೆಯುತ್ತಾರೆ. 1960ರ ದಶಕದ ಕೊನೆಯ ಹೊತ್ತಿಗೆ ಅದು ಬಯಲಿನಿಂದ ಅಳಿದುಹೋಯಿತು. ಮೃಗಾಲಯಗಳಲ್ಲಿ ಬದುಕಿದ್ದ ಕೆಲವೇ ಕುದುರೆಗಳ ಸಂತಾನವನ್ನು 1992ರಿಂದ ಮತ್ತೆ ಮಂಗೋಲಿಯಾಕ್ಕೆ ಒಯ್ದು ಬಿಡಲಾಯಿತು. ಆದರೆ 2018ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು, ಸುಮಾರು 5500 ವರ್ಷಗಳ ಹಿಂದೆ ಇಂದಿನ ಕಝಾಕಸ್ತಾನದ ಬೊಟಾಯ್ ಎಂಬಲ್ಲಿ ಜನರು ಸಾಕಿದ್ದ ಕುದುರೆಗಳ ವಂಶವೇ ಈ ತಾಖಿ ಎಂದು ವಾದಿಸಿತು. ಆ ವಾದ ಸರಿಯಾದರೆ, ಮನುಷ್ಯನ ಕೈ ಒಮ್ಮೆಯೂ ಸೋಕದ ಕುದುರೆಯ ವಂಶವೇ ಉಳಿದಿಲ್ಲವೆಂದಾಯಿತು. ಅಮೆರಿಕದ ಮಸ್ಟಾಂಗ್, ಆಸ್ಟ್ರೇಲಿಯಾದ ಬ್ರಂಬಿ, ನಮ್ಮದೇ ದೇಶದ ಅಸ್ಸಾಮಿನ ದಿಬ್ರು-ಸೈಖೋವಾ ಉದ್ಯಾನದ ಕುದುರೆಗಳು, ಇವೆಲ್ಲ ಸಾಕಿದ ಕೈಯಿಂದ ತಪ್ಪಿಸಿಕೊಂಡು ಅಥವಾ ಕೈಬಿಟ್ಟುಹೋಗಿ ಕಾಡು ಸೇರಿದವುಗಳ ಪೀಳಿಗೆ. ಅಸ್ಸಾಮಿನವು ಎರಡನೆಯ ಮಹಾಯುದ್ಧದ ಕಾಲದ ಸೈನ್ಯದ ಕುದುರೆಗಳ ಸಂತತಿ ಎಂದು ಹೇಳಲಾಗುತ್ತದೆ. ಇದನ್ನು ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಹುಟ್ಟಿದಂದಿನಿಂದ ಹಗ್ಗ ಕಾಣದೆ ಬೆಳೆದರೆ ಟಾಂಗಾ ಕುದುರೆಯ ಮರಿಯೂ ಕಾಡುಕುದುರೆಯಂತೆಯೇ ಬೆದರುತ್ತದೆ. ಆದ್ದರಿಂದ ನಮ್ಮ ಮಕ್ಕಳಿಗೆ ಇಂಥ ಗೆಳೆತನ ಎದುರಾಗಬೇಕಾದರೆ ಮಂಗೋಲಿಯಾಕ್ಕೆ ಹೋಗಬೇಕಾಗಿಲ್ಲ.

ನಮ್ಮ ಸೀಮೆಗೆ ಕುದುರೆ ಹೊಸದಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಅರಬ್ ಮತ್ತು ಇರಾನ್ ದೇಶಗಳಿಂದ ಹಡಗಿನಲ್ಲಿ ಬಂದ ಕುದುರೆಗಳು ಕೊಂಕಣದ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬೀದರಿಗೆ ಬರುತ್ತಿದ್ದವು. 1470ರ ಆಸುಪಾಸಿನಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಹೀಗೆಯೇ ಒಂದು ಗಂಡು ಕುದುರೆಯನ್ನು ಮಾರಲೆಂದು ತಂದ. ದಾರಿಯಲ್ಲಿ ಜುನ್ನರಿನ ಅಧಿಕಾರಿ ಅದನ್ನು ಕಿತ್ತುಕೊಂಡು ಮತಾಂತರವಾಗೆಂದು ಒತ್ತಾಯಿಸಿದ, ಹೇಗೋ ಬಿಡಿಸಿಕೊಂಡು ಬಂದು ಕೊನೆಗೆ ಬೀದರಿನಲ್ಲಿ ಮಾರಿದ. ಅವನು ವರ್ಣಿಸುವ ವರ್ಷಕ್ಕೊಮ್ಮೆಯ ಜಾತ್ರೆ ನಮ್ಮ ಆಳಂದದ್ದು ಎಂದು ಗುರುತಿಸಲಾಗಿದೆ. ಅಲ್ಲಿಗೆ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಅವನು ಬರೆಯುತ್ತಾನೆ. ಯಾತ್ರಿಕರ ಲೆಕ್ಕ ಸ್ವಲ್ಪ ಉಬ್ಬಿರುವುದುಂಟು, ಅರ್ಧಕ್ಕೆ ಇಳಿಸಿಕೊಂಡರೂ ಆಳಂದದ ಆ ಬಯಲನ್ನು ಊಹಿಸಿಕೊಳ್ಳುವುದು ಕಷ್ಟ. ಇಷ್ಟು ದೊಡ್ಡ ವ್ಯಾಪಾರ ಇಲ್ಲಿ ನಡೆಯಿತಾದರೂ ಬಂದ ಕುದುರೆಗಳೆಲ್ಲ ಬೆಲೆ ಕಟ್ಟಿಸಿಕೊಂಡು, ಹಗ್ಗ ಹಾಕಿಸಿಕೊಂಡು ಬಂದವು. ದಂಡು, ದರ್ಬಾರು, ದೇವರು ಎಂಬ ಮೂರರ ಜೊತೆಗೇ ನಮ್ಮ ಜನ ಕುದುರೆಯನ್ನು ನೆನೆಯುತ್ತಾರೆ. ಸಂಕ್ರಾಂತಿಗೆ ಯಾದಗಿರಿಯ ಹತ್ತಿರದ ಮೈಲಾಪುರಕ್ಕೆ ಹೋಗುವ ಮಗುವಿಗೆ ಮೈಲಾರಲಿಂಗನ ಕುದುರೆ ಗೊತ್ತು, ಮದುವೆಯ ಮೆರವಣಿಗೆಯಲ್ಲಿ ಬ್ಯಾಂಡಿನ ಸದ್ದಿಗೆ ಕಿವಿ ಹಿಂದಕ್ಕೆ ಮಡಚಿ ನಿಂತ ಬಿಳಿ ಕುದುರೆ ಗೊತ್ತು. ಕಡಿವಾಣವಿಲ್ಲದ ಕುದುರೆ ತನ್ನ ಪಾಡಿಗೆ ತಾನು ಮೇಯುವುದನ್ನು ಅದು ನೋಡಿರುವುದು ಕಡಿಮೆ.

ನೋಡುವ ಅವಕಾಶ ಇರುವುದು ಕುರಿಗಾರರು ಬರುವ ಹಳ್ಳಿಗಳಲ್ಲಿ. ಭೀಮಾ ನದಿಯ ದಂಡೆಯ ಹೆಸರನ್ನೇ ಹೊತ್ತ ಭೀಮಥಡಿ ಎಂಬ ಗಿಡ್ಡ, ಗಟ್ಟಿಮುಟ್ಟಾದ ತಳಿ ಒಂದು ಕಾಲಕ್ಕೆ ಮರಾಠರ ದಂಡಿನಲ್ಲಿ ಹೆಸರು ಮಾಡಿತ್ತು. ಈಚೆಗೆ ಅದನ್ನು ದೇಶೀ ಕುದುರೆ ತಳಿಗಳ ಪಟ್ಟಿಗೆ ಅಧಿಕೃತವಾಗಿ ಸೇರಿಸಲಾಗಿದೆ. ಇಂದು ಇಂಥ ಕುದುರೆಗಳು ಹೊರುವುದು ಸವಾರನನ್ನಲ್ಲ, ಕುರಿಗಾರರ ಸಂಸಾರವನ್ನು: ಪಾತ್ರೆ, ಕೌದಿ, ಬಲೆ, ನಡೆಯಲಾರದ ಕುರಿಮರಿ. ಬಿಡಾರ ಇಳಿಸಿದ ಮೇಲೆ ಅವುಗಳ ಕಾಲಿಗೊಂದು ಹಗ್ಗ ಕಟ್ಟಿಯೋ ಕಟ್ಟದೆಯೋ ಹೊಲದಲ್ಲಿ ಬಿಡುತ್ತಾರೆ. ಕೆಲವು ಹಿಂದೆ ಉಳಿಯುತ್ತವೆ, ಕುಂಟು ಬಂದ ಕೆಲವನ್ನು ಬಿಟ್ಟು ಹೋಗುತ್ತಾರೆ. ಹೀಗೆ ಉಳಿದವು ಹಳ್ಳಿಯ ಅಂಚಿನಲ್ಲಿ ಬಿಡಾಡಿಯಾಗಿ ಬದುಕುತ್ತವೆ.

ಇನ್ನು ಕುದುರೆಯ ದೇಹದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಗೆಳೆತನದ ಗುಟ್ಟೆಲ್ಲ ಅಲ್ಲಿಯೇ ಇದೆ. ಕುದುರೆ ಬೇಟೆಗೆ ಸಿಕ್ಕಿ ಬದುಕುಳಿದ ಪ್ರಾಣಿ. ಅದರ ಕೋಡು, ಉಗುರು, ವಿಷ ಎಲ್ಲವೂ ಓಟವೇ. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಸುಮಾರು 350 ಡಿಗ್ರಿಯಷ್ಟು ಸುತ್ತಳತೆ ಅದಕ್ಕೆ ಒಂದೇ ನೋಟದಲ್ಲಿ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ಬಾಲದ ನೇರ ಹಿಂದೆ, ಮತ್ತು ಹಣೆಯ ನೇರ ಮುಂದೆ ತೀರ ಹತ್ತಿರ. ದೊಡ್ಡವರು ಕುದುರೆಯನ್ನು ಹಿಡಿಯಲು ಹೋಗುವಾಗ ಎದೆ ಸೆಟೆಸಿ, ಅದರ ಕಣ್ಣನ್ನೇ ದಿಟ್ಟಿಸುತ್ತ, ಕೈ ಮುಂದೆ ಚಾಚಿ, ನೇರ ಮುಖದ ಕಡೆಗೇ ನಡೆಯುತ್ತಾರೆ. ಚಿರತೆಯೋ ತೋಳವೋ ಬರುವ ರೀತಿಯೂ ಅದೇ. ಕಿವಿಗಳು ಒಂದೊಂದೂ ಬೇರೆಬೇರೆಯಾಗಿ ಅರ್ಧ ಸುತ್ತು ತಿರುಗಬಲ್ಲವು. ಕುದುರೆ ಎಲ್ಲಿ ಗಮನ ಇಟ್ಟಿದೆ ಎಂದು ತಿಳಿಯಲು ಅದರ ಕಿವಿಯನ್ನು ನೋಡಿದರೆ ಸಾಕು. ನಿಂತಲ್ಲೇ ನಿದ್ದೆ ಮಾಡುವುದು, ಹುಟ್ಟಿದ ಒಂದೆರಡು ಗಂಟೆಯೊಳಗೆ ಮರಿ ಎದ್ದು ನಿಲ್ಲುವುದು, ಇವೆಲ್ಲ ಓಡಲು ಸದಾ ಸಿದ್ಧವಾಗಿರಬೇಕಾದ ಬದುಕಿನ ಏರ್ಪಾಟುಗಳು. ಹಾಗಿದ್ದ ಪ್ರಾಣಿಗೆ ಒಬ್ಬರ ಹತ್ತಿರ ನಿಲ್ಲುವ ಧೈರ್ಯ ಬರಬೇಕಾದರೆ ಬೇಕಾಗುವುದು ಒಂದೇ ಖಾತ್ರಿ: ಬೇಡವೆನಿಸಿದಾಗ ಹೊರಟುಹೋಗಲು ದಾರಿ ಇದೆ ಎಂಬುದು. ಮೂಲೆಗೆ ತಳ್ಳಿ ಬೆಲ್ಲ ತಿನ್ನಿಸಿದರೆ ಅದು ಬೆಲ್ಲ ತಿನ್ನಬಹುದು, ಆದರೆ ಮರುದಿನ ನಿಮ್ಮನ್ನು ದೂರದಿಂದ ಕಂಡೊಡನೆ ಓಡುತ್ತದೆ.

ನಾನು ಕಣ್ಣಾರೆ ಕಂಡದ್ದೊಂದನ್ನು ಇಲ್ಲಿ ಹೇಳಬೇಕು. ಯಾದಗಿರಿ ಜಿಲ್ಲೆಯ ಭೀಮಾ ದಂಡೆಯ ಒಂದು ಹಳ್ಳಿಗೆ ದನಗಳ ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಹೋಗುತ್ತಿದ್ದ ದಿನಗಳವು. ಊರ ಹೊರಗೆ ಕಂದು ಬಣ್ಣದ ಒಂದು ಹೆಣ್ಣು ಕುದುರೆ ಯಾರ ಸ್ವತ್ತೂ ಅಲ್ಲದೆ ತಿರುಗುತ್ತಿತ್ತು. ಕಡಲೆ ಹೊಲಕ್ಕೆ ಬಾಯಿ ಹಾಕುತ್ತದೆಂದು ಊರ ಹುಡುಗರು ಅದನ್ನು ಹಿಡಿಯಲು ಹಲವು ಸಲ ಹಗ್ಗ ಬೀಸಿ ನೋಡಿದ್ದರು. ಅದಕ್ಕೇ ಮನುಷ್ಯರೆಂದರೆ ಅದು ಒಂದು ಹೊಲದಷ್ಟು ದೂರ ಇಡುತ್ತಿತ್ತು. ಅಲ್ಲಿಯೇ ಆಡು ಕಾಯುತ್ತಿದ್ದ ಹುಡುಗಿಯೊಬ್ಬಳು, ನಾಲ್ಕನೆಯ ಇಯತ್ತೆಯ ಮಗು, ದಿನವೂ ಹೊಲದ ಒಡ್ಡಿನ ಮೇಲೆ ಕುದುರೆಗೆ ಅರ್ಧ ಬೆನ್ನು ತಿರುಗಿಸಿ ಕುಳಿತುಕೊಳ್ಳುತ್ತಿದ್ದಳು. ಕರೆಯುತ್ತಿರಲಿಲ್ಲ, ಕೈಯಲ್ಲಿ ಏನನ್ನೂ ತೋರಿಸುತ್ತಿರಲಿಲ್ಲ. ತನ್ನಷ್ಟಕ್ಕೆ ತಾನು ಜೋಳದ ದಂಟು ಸೀಳುತ್ತಲೋ, ಆಡುಗಳನ್ನು ಬೈಯುತ್ತಲೋ ಕೂತಿರುತ್ತಿದ್ದಳು. ಕುದುರೆಯ ಒಂದು ಕಿವಿ ಸದಾ ಅವಳ ಕಡೆಗಿರುತ್ತಿತ್ತು. ಕಾಲ ಕಳೆದಂತೆ ನಡುವಿನ ದೂರ ಕಡಿಮೆಯಾಗಿ, ನಾನು ನೋಡಿದ ದಿನ ಅದು ಮೇಯುತ್ತ ಮೇಯುತ್ತ, ಮೇವು ಅವಳ ಪಕ್ಕದಲ್ಲಿಯೇ ಹೆಚ್ಚಾಗಿದೆಯೇನೋ ಎಂಬಂತೆ ಬಂದು, ಮೂತಿ ಚಾಚಿ ಅವಳ ಜಡೆಯನ್ನು ಮೂಸಿತು. ಅವಳು ತಿರುಗಲಿಲ್ಲ. ಅದು ಒಂದು ಹೆಜ್ಜೆ ಹಿಂದೆ ಸರಿದು, ನಾಲಗೆ ಚಪ್ಪರಿಸಿ, ಮತ್ತೆ ಬಂತು. ಆಗ ಅವಳು ಮೆಲ್ಲನೆ ಎದ್ದು, ಅದರ ಮುಖದ ಎದುರಿಗಲ್ಲ, ಹೆಗಲಿನ ಪಕ್ಕಕ್ಕೆ ಹೋಗಿ ನಿಂತು, ಕುತ್ತಿಗೆ ಬೆನ್ನಿಗೆ ಸೇರುವ ಉಬ್ಬಿನ ಮುಂದೆ ಉಗುರಿನಿಂದ ಜೋರಾಗಿ ಕೆರೆಯತೊಡಗಿದಳು. ಕುದುರೆಯ ಮೇಲ್ದುಟಿ ಉದ್ದಕ್ಕೆ ಚಾಚಿ ನಡುಗಿತು, ಕಣ್ಣು ಅರೆಮುಚ್ಚಿತು, ಕುತ್ತಿಗೆ ಇಳಿಯಿತು.

ಅದರ ಹಿಂಗಾಲಿಗೆ ಮುಳ್ಳುತಂತಿ ತಾಗಿದ ಗಾಯವಿತ್ತು. ನಾನು ಜೊತೆಗಿದ್ದವನಿಗೆ ಹಗ್ಗ ತರುವಂತೆ ಸನ್ನೆ ಮಾಡಿದ್ದನ್ನು ಕಂಡು ಆ ಹುಡುಗಿ, ಕೆರೆಯುವ ಕೈ ನಿಲ್ಲಿಸದೆ, ಸಣ್ಣ ದನಿಯಲ್ಲಿ ಹೇಳಿದಳು: "ಹಿಡಿಬ್ಯಾಡ್ರಿ ಸರ, ಹಿಡದ್ರ ಮತ್ತ ಬರಂಗಿಲ್ಲ ಅದು." ಗಾಯದಲ್ಲಿ ಹುಳ ಬಿದ್ದಿರಲಿಲ್ಲವಾದ್ದರಿಂದ ನಾನು ಒಪ್ಪಿದೆ. ಮುಂದಿನ ಭೇಟಿಗಳಲ್ಲಿ ಅವಳು ಕೆರೆಯುತ್ತ ನಿಂತಾಗ ನಾನು ಹೆಗಲಿನಿಂದ ಆರಂಭಿಸಿ ಬೆನ್ನು, ತೊಡೆ, ಹೀಗೆ ಕೈಯಾಡಿಸುತ್ತ ಕೆಳಗಿಳಿದು ಮುಲಾಮು ಹಚ್ಚಿದೆ. ಗಾಯ ಮಾಯಿತು. ಸುಗ್ಗಿ ಮುಗಿದ ಮೇಲೆ ಬಂದ ಕುರಿಗಾರರ ಕುದುರೆಗಳ ಜೊತೆಗೂಡಿ ಅದು ಹೊರಟುಹೋಯಿತೆಂದು ಆಮೇಲೆ ತಿಳಿಯಿತು. ಒಂಟಿ ಕುದುರೆಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಗುಂಪಿನಲ್ಲಿ ಬದುಕಬೇಕಾದ ಪ್ರಾಣಿಗೆ ಒಬ್ಬ ಹುಡುಗಿಯ ಸಂಗ ಎಷ್ಟು ಸಾಕಾದೀತು?

ಹೆಗಲಿನ ಆ ಜಾಗವನ್ನು ಹುಡುಗಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕುರಿಗಾರರ ಕುದುರೆಗಳು ಜೋಡಿಯಾಗಿ ನಿಂತು ಒಂದರ ಹೆಗಲನ್ನು ಇನ್ನೊಂದು ಹಲ್ಲಿನಿಂದ ಕೆರೆಯುವುದನ್ನು ಅವಳು ನೋಡಿದ್ದಳು, ಅಷ್ಟೆ. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಅಳೆದು ನೋಡಿದೆ: ಕುದುರೆಗಳು ಪರಸ್ಪರ ಕೆರೆದುಕೊಳ್ಳುವ ಅದೇ ಜಾಗದಲ್ಲಿ ಮನುಷ್ಯರು ಕೆರೆದರೂ ಅವುಗಳ ಎದೆಬಡಿತ ಇಳಿಯುತ್ತದೆ, ಬೇರೆ ಕಡೆ ಕೆರೆದರೆ ಹಾಗೆ ಇಳಿಯುವುದಿಲ್ಲ. ನಾವು ಪ್ರೀತಿ ತೋರಿಸಲು ಕುದುರೆಯ ಹಣೆ ತಟ್ಟುತ್ತೇವೆ, ಮೂಗು ಸವರುತ್ತೇವೆ. ಅದು ನಮಗೆ ಹಿತ, ಕುದುರೆಗೆ ಅಷ್ಟಕ್ಕಷ್ಟೆ.

ಕುದುರೆ ನಮ್ಮ ಮನಸ್ಸನ್ನು ಓದುತ್ತದೆ ಎನ್ನುವ ಮಾತನ್ನು ನಾನು ಹಾಗೆಯೇ ಒಪ್ಪುವುದಿಲ್ಲ, ಆದರೆ ಮೈಯನ್ನು ಓದುತ್ತದೆ ಎಂಬುದಕ್ಕೆ ಪುರಾವೆ ಬೇಕಾದಷ್ಟಿದೆ. ಕಳೆದ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳುತ್ತದೆಂದು ಊರೆಲ್ಲ ಬೆರಗಾಗಿತ್ತು. ಓಸ್ಕರ್ ಫುಂಗ್‌ಸ್ಟ್ ಎಂಬ ಮನೋವಿಜ್ಞಾನಿ 1907ರಲ್ಲಿ ಅದರ ಗುಟ್ಟು ಬಿಡಿಸಿದ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದಾಗ ಹಾನ್ಸ್ ತಪ್ಪುತ್ತಿತ್ತು. ಸರಿಯಾದ ಎಣಿಕೆ ಬಂದೊಡನೆ ಕೇಳುವವನ ತಲೆ ತನಗರಿವಿಲ್ಲದೆ ಕೂದಲೆಳೆಯಷ್ಟು ಕದಲುವುದನ್ನು ಅದು ಗಮನಿಸಿ ಗೊರಸು ನಿಲ್ಲಿಸುತ್ತಿತ್ತು. ಈ ಪ್ರಸಂಗವನ್ನು ಸಾಮಾನ್ಯವಾಗಿ ಕುದುರೆಯ ಮೋಸ ಬಯಲಾದ ಕಥೆಯಂತೆ ಹೇಳುತ್ತಾರೆ. ನನಗೆ ಅದು ಗಣಿತಕ್ಕಿಂತ ದೊಡ್ಡ ಜಾಣತನವಾಗಿ ಕಾಣುತ್ತದೆ. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಟ್ಟಿನ ಮುಖದ ಫೋಟೋ ತೋರಿಸಿದಾಗ ಕುದುರೆಗಳು ಅದನ್ನು ಎಡಗಣ್ಣಿನಿಂದ ನೋಡಲು ತಿರುಗಿದವು, ಎದೆಬಡಿತವೂ ಬೇಗ ಏರಿತು. ಹೀಗಿರುವಾಗ, ಇವತ್ತು ಹಿಡಿದೇ ತೀರಬೇಕು ಎಂದುಕೊಂಡು ಹೋದವನ ಬಿಗಿದ ಭುಜ, ಹಿಡಿದ ಉಸಿರು ಅದಕ್ಕೆ ತಿಳಿಯದೆ ಇದ್ದೀತೇ? ಮಗುವಿನ ಅನುಕೂಲ ಇಲ್ಲಿದೆ: ಗಿಡ್ಡ ದೇಹ, ಕೈತುಂಬ ಬಿಡುವು, ಕುದುರೆಯಿಂದ ಸಾಧಿಸಿಕೊಳ್ಳಬೇಕಾದ ಕೆಲಸವೇನೂ ಇಲ್ಲ. ಎಲ್ಲ ಮಕ್ಕಳೂ ಹೀಗಿರುವುದಿಲ್ಲ ಎನ್ನುವುದೂ ನಿಜ. ಕಲ್ಲೆಸೆಯುವ, ಬಾಲ ಎಳೆಯುವ ಮಕ್ಕಳನ್ನು ನೀವೂ ನೋಡಿದ್ದೀರಿ.

ಈಗ ಇಂಥ ಕಥೆಗಳ ಮೂಲಪುರುಷನ ವಿಷಯ. ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳುವಂತೆ, ಮ್ಯಾಸಿಡೋನಿಯಾದ ಅರಸ ಫಿಲಿಪ್ಪನಿಗೆ ಬುಸೆಫಲಸ್ ಎಂಬ ಕುದುರೆಯನ್ನು 13 ಟ್ಯಾಲೆಂಟ್ (ಆ ಕಾಲದ ಗ್ರೀಕರ ಹಣದ ಲೆಕ್ಕ) ಬೆಲೆಗೆ ಮಾರಲು ಒಬ್ಬ ವ್ಯಾಪಾರಿ ತಂದ. ಯಾರನ್ನೂ ಹತ್ತಿರ ಬಿಡದ ಅದನ್ನು ಅರಸ ಬೇಡವೆಂದು ಕಳಿಸುವಾಗ ಅವನ ಮಗ ಅಲೆಕ್ಸಾಂಡರ್, ಇನ್ನೂ ಹುಡುಗ, ತಾನು ಪಳಗಿಸುತ್ತೇನೆಂದು ಹಟ ಹಿಡಿದ. ಕುದುರೆ ಬೆದರುತ್ತಿರುವುದು ತನ್ನದೇ ನೆರಳಿಗೆ ಎಂದು ಅವನು ಗಮನಿಸಿದ್ದ. ಅದನ್ನು ಸೂರ್ಯನ ಕಡೆಗೆ ತಿರುಗಿಸಿದ, ಅದು ಹೊರಟಾಗ ಜೊತೆಗೆ ಸ್ವಲ್ಪ ದೂರ ತಾನೂ ಓಡಿದ, ಮೈ ಸವರಿದ, ಮೇಲುಹೊದಿಕೆಯನ್ನು ಸದ್ದಿಲ್ಲದೆ ಕೆಳಗೆ ಬಿಟ್ಟ, ಆಮೇಲೆ ಹಾರಿ ಕುಳಿತ. ಈ ವಿವರಗಳನ್ನು ಒಂದೊಂದಾಗಿ ನೋಡಿದರೆ, ಬರೆದವನಿಗೋ ಅವನಿಗೆ ಕಥೆ ಹೇಳಿದವರಿಗೋ ಕುದುರೆ ಚೆನ್ನಾಗಿ ಗೊತ್ತಿತ್ತು ಎನ್ನಬೇಕು. ಬೆಳಕು, ನೆರಳಿನ ಬದಲಾವಣೆಗೆ ಕುದುರೆಯ ಕಣ್ಣು ಹೊಂದಿಕೊಳ್ಳುವುದು ನಿಧಾನ, ಆದ್ದರಿಂದ ನೆಲದ ಮೇಲೆ ಕದಲುವ ಕಪ್ಪು ಆಕಾರಕ್ಕೆ ಅದು ಹಾರಿಬೀಳುವುದು ದಿನನಿತ್ಯದ ಸಂಗತಿ. ಪಟಪಟನೆ ಹಾರಾಡುವ ಬಟ್ಟೆಯೂ ಹಾಗೆಯೇ. ಹೊರಟ ಕುದುರೆಯನ್ನು ಎಳೆದು ನಿಲ್ಲಿಸುವ ಬದಲು ಜೊತೆಗೆ ಓಡಿದ್ದು ಎಲ್ಲಕ್ಕಿಂತ ಜಾಣ ಕೆಲಸ.

ಇಷ್ಟನ್ನು ಮಾಡಿದ ಹುಡುಗನನ್ನು ನಾನು ಮೆಚ್ಚುತ್ತೇನೆ, ಮುಂದಿನದನ್ನು ಮೆಚ್ಚಲಾರೆ. ಅಪ್ಪ ಕಣ್ಣೀರು ತಂದುಕೊಂಡು, ನಿನಗೆ ತಕ್ಕ ಬೇರೆ ರಾಜ್ಯ ಹುಡುಕಿಕೋ, ಮ್ಯಾಸಿಡೋನಿಯಾ ನಿನಗೆ ಸಾಲದು ಎಂದನಂತೆ. ಒಂದು ಪ್ರಾಣಿಯ ಭಯವನ್ನು ಅರಿತದ್ದಕ್ಕೆ ಬಂದ ಬಹುಮಾನ ದಂಡಯಾತ್ರೆಯ ಹರಕೆ! ಆ ಕುದುರೆ ಯುದ್ಧದಿಂದ ಯುದ್ಧಕ್ಕೆ ಅವನನ್ನು ಹೊತ್ತು, ಕ್ರಿ.ಪೂ. 326ರಲ್ಲಿ ಪೋರಸ್ ಎಂಬ ಅರಸನ ಮೇಲಿನ ಕಾಳಗದ ಬಳಿಕ ಝೀಲಂ ನದಿಯ ಹತ್ತಿರ ಸತ್ತಿತು. ಅದರ ಹೆಸರಿನಲ್ಲಿ ಅವನು ಅಲ್ಲೊಂದು ಊರು ಕಟ್ಟಿಸಿದ. ದುಃಖ ನಿಜವಾದದ್ದೇ ಇರಬೇಕು. ಆದರೂ ಹುಡುಗನೊಬ್ಬ ಕುದುರೆಯ ಪಕ್ಕದಲ್ಲಿ ಓಡಿದ ಆ ಸ್ವಲ್ಪ ದೂರವನ್ನು ಗೆಳೆತನವೆಂದು ಕರೆಯುವಷ್ಟು ಸುಲಭವಾಗಿ ಉಳಿದದ್ದನ್ನು ಕರೆಯಲು ನನಗಾಗದು. ಸವಾರಿಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮಂಗೋಲಿಯಾದ ನಾದಾಮ್ ಹಬ್ಬದಲ್ಲಿ ಮಕ್ಕಳೇ ಸವಾರರು. ಆ ಮಕ್ಕಳಿಗೆ ಕುದುರೆಯ ಬಗ್ಗೆ ಗೊತ್ತಿರುವುದು ನನಗೂ ಗೊತ್ತಿರಲಾರದು. ಅವರು ಬೀಳುವುದು, ಪೆಟ್ಟು ತಿನ್ನುವುದೂ ಉಂಟು, ಆ ಬಗ್ಗೆ ಅಲ್ಲಿ ವಿವಾದವೂ ಇದೆ. ಸವಾರಿ ಒಂದು ಕಸುಬು, ಅದಕ್ಕೆ ಜೀನು, ಲಗಾಮು, ಗುರು, ಶಿಸ್ತು ಎಲ್ಲ ಬೇಕು. ಒಡೆಯನಿಲ್ಲದ ಕುದುರೆಯ ಜೊತೆ ಮಗು ಬೆಳೆಸುವ ಸಲಿಗೆ ಅದರ ಮೊದಲ ಪಾಠವೆಂದು ತಿಳಿದು, ನಾಲ್ಕು ದಿನ ಕೆರೆಸಿಕೊಂಡ ಕುದುರೆ ಐದನೆಯ ದಿನ ಹೊತ್ತುಕೊಂಡೀತೆಂದು ಮಗುವನ್ನು ಹತ್ತಿಸುವ ದೊಡ್ಡವರೇ ನಮ್ಮ ಕಡೆ ಆಸ್ಪತ್ರೆ ತುಂಬಿಸುವವರು.

ನೀವು ಶಾಲೆಯವರೂ ಪಾಲಕರೂ ಆಗಿರುವುದರಿಂದ ಕೊನೆಯಲ್ಲಿ ಕೆಲವು ಮಾತು ವೈದ್ಯನಾಗಿ. ಕುದುರೆಯ ಹಿಂದಿನಿಂದ ಹೋಗಬಾರದು; ಪಕ್ಕದಿಂದ, ಅದಕ್ಕೆ ಕಾಣುವಂತೆ, ಸಣ್ಣಗೆ ಮಾತಾಡುತ್ತ ಹೋಗಬೇಕು. ಕಿವಿ ಹಿಂದಕ್ಕೆ ಒತ್ತಿದರೆ, ಬಾಲ ಬಡಿದರೆ, ಹಿಂಗಾಲು ಹಗುರ ಮಾಡಿದರೆ ಅವತ್ತಿಗೆ ಅಲ್ಲಿಗೇ ಮುಗಿಸಬೇಕು. ಮರಿಯಿರುವ ತಾಯಿಯ ಹತ್ತಿರ ಯಾವ ಕಾರಣಕ್ಕೂ ಹೋಗಬಾರದು. ಪ್ರೀತಿಯಿಂದ ರೊಟ್ಟಿ, ಅನ್ನ, ಬೆಲ್ಲ ತಿನ್ನಿಸುವುದು ಬೇಡ. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು, ದಿನದ ಬಹುಪಾಲು ಹೊತ್ತು ಸ್ವಲ್ಪಸ್ವಲ್ಪವಾಗಿ ಹುಲ್ಲು ಮೇಯುವುದಕ್ಕೆ ಹೊಂದಿದ್ದು. ವಾಂತಿ ಮಾಡುವ ಶಕ್ತಿ ಅದಕ್ಕಿಲ್ಲ, ಆದ್ದರಿಂದ ಹೊಟ್ಟೆ ಕೆಟ್ಟರೆ ಶೂಲೆ ಬಂದು ಒಂದೇ ದಿನದಲ್ಲಿ ಸಾಯಬಹುದು. ಕೈಯಿಂದ ತಿಂದು ರೂಢಿಯಾದ ಕುದುರೆ ಬರಿಗೈ ಕಂಡಾಗ ಕಚ್ಚುವುದನ್ನೂ ಕಲಿಯುತ್ತದೆ. ಬೇಸಿಗೆಯಲ್ಲಿ ಒಂದು ಬಾನಿ ನೀರು ಇಟ್ಟರೆ ಎಲ್ಲ ತಿಂಡಿಗಿಂತ ದೊಡ್ಡ ಉಪಕಾರ. ಲದ್ದಿ ಬಿದ್ದ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರುವುದರಿಂದ 10 ಮತ್ತು 16ನೆಯ ವಯಸ್ಸಿನಲ್ಲಿ ಹಾಕಿಸುವ ಟಿಡಿ ಲಸಿಕೆಯನ್ನು ತಪ್ಪಿಸಬಾರದು. ಹುಚ್ಚುನಾಯಿ ರೋಗ ಕುದುರೆಗೂ ಬರುತ್ತದೆ. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮೂಗಿನಿಂದ ಕೀವು ಸುರಿಯುವ, ಮೈಮೇಲೆ ಗಂಟು ಒಡೆದ ಕುದುರೆಗೆ ಗ್ಲಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ತಗಲುವ, ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಅಂಥದ್ದನ್ನು ಕಂಡರೆ ಮಕ್ಕಳನ್ನು ದೂರವಿಟ್ಟು ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಶಾಲೆಯ ಅಂಗಳಕ್ಕೆ ಗಾಯಗೊಂಡ ಬಿಡಾಡಿ ಕುದುರೆ ಬಂದರೆ ಗೇಟು ಮುಚ್ಚಿ ಕೂಡಿಹಾಕಬೇಡಿ. ಗೇಟು ತೆರೆದಿಟ್ಟು, ಮಕ್ಕಳನ್ನು ತರಗತಿಯೊಳಗೆ ಕೂರಿಸಿ, ಸರ್ಕಾರದ ಪಶುಚಿಕಿತ್ಸಾ ಸೇವೆಯಾದ ಪಶು ಸಂಜೀವಿನಿಯ 1962 ಸಂಖ್ಯೆಗೆ ಕರೆ ಮಾಡಿ.